ತೊಂಗ್ಯೊಂಗ್‌ನಲ್ಲಿ ಏಕವಚನ

ಕೊನೆಯ ಹಡಗು ಹೋಗಿ ಆರು ನಿಮಿಷ.
ಬಂದರಿನ ಟಿಕೆಟ್ ಕಿಂಡಿಯ ಹುಡುಗಿ
ಎರಡೂ ಕೈಯಲ್ಲಿ ನನ್ನ ದುಡ್ಡು ವಾಪಸು ಕೊಟ್ಟಳು,
ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ.
ಆಮೇಲೆ ಯಾರಿಗೋ ಫೋನು ಮಾಡಿದಳು.

ಬಂದವಳು ಗಿಡ್ಡ ಹೆಂಗಸು. ಗುಂಗುರು ಕೂದಲು,
ಹೂವಿನ ಚಿತ್ರದ ಸಡಿಲ ಪೈಜಾಮ, ರಬ್ಬರು ಬೂಟು,
ಸಿಂಪಿ ಬಿಡಿಸುವ ಚಾಕು ಇನ್ನೂ ಸೊಂಟದಲ್ಲೇ.
ಹೆಸರು ಮಲ್‌ಸುನ್.
ಇನ್ನು ಹೆಣ್ಣು ಸಾಕು ಎಂದು ಇಟ್ಟ ಹೆಸರಂತೆ,
ನಮ್ಮ ಕಡೆಯ ಸಾಕಮ್ಮನ ಹಾಗೆ.
ಚೀಲ ಕಿತ್ತುಕೊಂಡು ಮುಂದೆ ನಡೆದಳು.
ಏರುದಾರಿ. ಏದುಸಿರು ನನಗೆ ಮಾತ್ರ.

ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೆ; ಅದು ಗೊತ್ತಿದ್ದ ಪಾಠ.
ಅವಳು ಬಗ್ಗಿ ಅವನ್ನು ತಿರುಗಿಸಿಟ್ಟಳು, ಮೂತಿ ಬೀದಿಯ ಕಡೆಗೆ.
ಅಯ್ಯೋ, ಬಂದ ಕೂಡಲೇ ಹೊರಡು ಅನ್ನುತ್ತಾಳೆಯೇ?
ಒಳಗೆ ಕಾಲಿಟ್ಟರೆ ನೆಲ ಬಿಸಿ.
ಒಲೆಯಿಲ್ಲ, ಬೆಂಕಿಯಿಲ್ಲ,
ಯಾರೋ ಈಗಷ್ಟೇ ಎದ್ದುಹೋದ ಜಾಗದಂತೆ
ಇಡೀ ಕೋಣೆ ಬೆಚ್ಚಗೆ.

ಕುಳಿತದ್ದೇ ತಡ, ವಯಸ್ಸು ಕೇಳಿದಳು.
ಹೆಸರಲ್ಲ, ಊರಲ್ಲ, ಗಂಡ ಮಕ್ಕಳಲ್ಲ. ವಯಸ್ಸು.
ಬೆರಳಲ್ಲಿ ಹೇಳಿದೆ: ಐದು ಸಲ ಹತ್ತು, ಮತ್ತೆ ಏಳು.
ಅವಳು ಆರು ಸಲ ಹತ್ತು ತೋರಿಸಿ, ಇನ್ನೊಂದು ಬೆರಳೆತ್ತಿ
ಗೆದ್ದವಳಂತೆ ನಕ್ಕು ಎದೆ ಮುಟ್ಟಿಕೊಂಡಳು:
"ಒನ್ನಿ."
ಅಕ್ಕ.

ಆ ಗಳಿಗೆಗೇ ಮಾತಿನ ಬಾಲ ಬದಲಾಯಿತು.
ಅಲ್ಲಿವರೆಗೆ ಪ್ರತಿ ವಾಕ್ಯದ ಕೊನೆಗೆ
ಮಡಿಸಿಟ್ಟ ಕರವಸ್ತ್ರದಂತೆ ಒಂದು "ಯೋ" ಇರುತ್ತಿತ್ತು,
ಅದು ಎಲ್ಲೋ ಬಿದ್ದುಹೋಯಿತು.
ಹತ್ತು ಪದವೂ ಬಾರದ ಭಾಷೆಯಲ್ಲಿ
ಇಷ್ಟು ಮಾತ್ರ ಸ್ಪಷ್ಟ ತಿಳಿಯಿತು ನನಗೆ:
ನೀವು ಹೋಗಿ ನೀನು ಬಂತು.
ನಮ್ಮಲ್ಲಾದರೆ ಅದಕ್ಕೆ ಮೂರು ವರ್ಷ ಬೇಕು,
ಇಲ್ಲವೇ ಒಂದು ಜಗಳ.

ಕೂಡಲೇ ಬೈಗುಳ ಶುರು.
ಕಾಲುಚೀಲ ತೆಳು, ಮೈ ತೆಳು, ಒಂಟಿ ಹೆಂಗಸು
ಈ ಚಳಿಯಲ್ಲಿ ಯಾವ ದ್ವೀಪ ನೋಡಬೇಕಾಗಿತ್ತೋ!
ಹೀಗೇ ಇರಬೇಕು. ದನಿ ಹಾಗಿತ್ತು.

ಮೊಣಕಾಲೆತ್ತರದ ಮೇಜಿನ ತುಂಬ ಬಟ್ಟಲು:
ಮೂಲಂಗಿ, ಮೊಳಕೆ, ಎಳ್ಳೆಣ್ಣೆ ಸವರಿದ ಸೊಪ್ಪು,
ನೆತ್ತಿಗೇರುವ ಕಿಮ್ಚಿ,
ಮೆಣಸಿನಕಾಯಿಯ ನಡುವೆ ಕಣ್ಣುಬಿಟ್ಟ ಕಿರುಬೆರಳ ಮೀನು.
ಮೀನು ಮಾಂಸ ತಿನ್ನೆನೆಂದು ಕೈಯಾಡಿಸಿದೆ.
ಅವಳು ಉಕ್ಕಿನ ಕಡ್ಡಿಗಳಿಂದ ಒಂದೊಂದೇ ಹೆಕ್ಕತೊಡಗಿದಳು,
ಮಗುವಿನ ತಲೆಯಲ್ಲಿ ಹೇನು ನೋಡುವವಳ ಶ್ರದ್ಧೆಯಿಂದ.
ಮೆಣಸಿನಕಾಯಿ ಮಾತ್ರ ಉಳಿಯಿತು.
ಆಮೇಲೆ ಸಾರು. ಬಟ್ಟಲಿನಲ್ಲಿ ಏನೂ ತೇಲುತ್ತಿರಲಿಲ್ಲ,
ಸಮುದ್ರದ ವಾಸನೆಯ ಹೊರತು.
ಸಾರನ್ನೂ ಮೀನೆಂದು ಎಣಿಸುವವರಿದ್ದಾರೆಂದು
ಅವಳಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿತ್ತು.
ಕುಡಿದೆ. ಎರಡನೆಯ ಸಲ ಬಡಿಸಿದಾಗಲೂ ಕುಡಿದೆ.
ಇದನ್ನು ಮನೆಯಲ್ಲಿ ಹೇಳಿಲ್ಲ.

ಅನ್ನ ಮಾತ್ರ ಮೂಲೆಯ ರಜಾಯಿಯೊಳಗಿಂದ ಬಂತು.
ನೆಲದ ಕಾವಿಗೆ ಮುಚ್ಚಿಟ್ಟಿದ್ದ ಸ್ಟೀಲಿನ ಬಟ್ಟಲು.
ಮುಚ್ಚಳ ತೆಗೆದರೆ ಹಬೆ. ಒಂದೇ ಬಟ್ಟಲು.
ಯಾರಿಗೆಂದು ಕೇಳಲು ಪದವಿರಲಿಲ್ಲ,
ಹಸಿವಿತ್ತು.

ರಾತ್ರಿ ಎರಡಕ್ಕೆ ಬಾಗಿಲು ಸರಿಯಿತು.
ಗಂಡಸಿನ ಹೆಜ್ಜೆ, ಡೀಸೆಲ್ ವಾಸನೆ.
ಮೂಲೆಯ ರಜಾಯಿ ಎತ್ತಿದ ಸದ್ದು. ಅಲ್ಲೇ ನಿಂತ ಮೌನ.
ಒಳಗಿನಿಂದ ಅವಳ ಪಿಸುಮಾತು, ಎರಡೇ ಪದ.
ಆಮೇಲೆ ನೀರು ಕುದಿಯುವುದು,
ನೂಡಲ್ಸ್ ಪೊಟ್ಟಣ ಸದ್ದಾಗದಂತೆ ಹರಿಯಲು
ಒಬ್ಬ ದೊಡ್ಡ ಆಳು ಪಡುವ ಪಾಡು.
ಕಣ್ಣು ಮುಚ್ಚಿ ಬಿದ್ದುಕೊಂಡೆ,
ಅವನ ಅನ್ನ ನನ್ನ ಹೊಟ್ಟೆಯಲ್ಲಿ.

ಬೆಳಿಗ್ಗೆ ಜೊಂಗ್‌ತೆ, ಮಗ,
ಎಡಗೈ ಬಲ ಮೊಣಕೈಗೆ ತಾಗಿಸಿ ಬಾರ್ಲಿ ನೀರು ಸುರಿದ.
ಅವನ ಮಾತಿನ ತುದಿಯಲ್ಲಿ "ಯೋ" ಹಾಗೇ ಇತ್ತು.
ಕ್ಷಮೆ ಕೇಳಲೆಂದು ಖಾಲಿ ಬಟ್ಟಲು ತೋರಿಸಿದೆ.
ಓಡಿಹೋಗಿ ಅನ್ನ ತುಂಬಿಸಿ ತಂದ.
ತಿನ್ನದೆ ಗತಿಯಿರಲಿಲ್ಲ.

ಬಂದರಿನಲ್ಲಿ ಹಗ್ಗ ಬಿಚ್ಚುತ್ತಿದ್ದರು.
"ಬರ್ತೀನಿ ಕಣೇ ಅಕ್ಕಾ" ಅಂದೆ,
ಆ "ಕಣೇ" ಅವಳಿಗೆ ಕೇಳಿಸಲಿ ಎಂದು ಕೊಂಚ ಜೋರಾಗಿ.
ಅವಳು ನನ್ನ ಕಾಲುಚೀಲ ತೋರಿಸಿ
ಮತ್ತೆ ಮೊದಲಿನಿಂದ ಬೈದಳು.